ದಾರಿಯ ಮುಳ್ಳು

ಸಹೋದರಿಯರೇ, ಯಾವ ಕೆಲಸವೂ ಇಲ್ಲದೆ ಸುಮ್ಮನೆ ನಡೆಯಲು ನೀವು ಹೋದದ್ದು ಯಾವಾಗ? ನಾನಂತೂ ಸಕ್ಕರೆ ಕಾಯಿಲೆ ಬಂದ ಮೇಲೆಯೇ ಶುರು ಮಾಡಿದ್ದು. ಫಜ್ರ್ ನಮಾಝ್ ಮುಗಿಸಿ, ನೆರೆಮನೆಯ ಖಾಲಾ ಮತ್ತು ಅವರ ಸೊಸೆಯೊಂದಿಗೆ ಕಲ್ಲೂರಿನ ಹೊಲಗಳ ಬಂಡಿದಾರಿ ಹಿಡಿಯುತ್ತೇನೆ. ಹತ್ತಿ, ಜೋಳದ ನಡುವೆ ತಣ್ಣನೆಯ ಗಾಳಿ. ಮನೆಯಲ್ಲಿ ಮುಖ ಬಿಗಿದಿರುವ ಅತ್ತೆ-ಸೊಸೆ ಅಲ್ಲಿ ನಗುತ್ತಾರೆ!

ತೊಂದರೆ ಎಂದರೆ ಎರಡೂ ಬದಿಯ ಬಳ್ಳಾರಿ ಜಾಲಿ. ಅದೇ ದಾರಿಯಲ್ಲಿ ಬರುವ ನನ್ನ ವಿದ್ಯಾರ್ಥಿನಿಯೊಬ್ಬಳ ಸೈಕಲ್ ಪದೇ ಪದೇ ಪಂಕ್ಚರ್ ಆಗಿ, 'ಇನ್ನು ಶಾಲೆಯೇ ಬೇಡ' ಎಂದುಬಿಟ್ಟರು ಮನೆಯವರು.

ಹಿಂದೆಂದೋ ಓದಿದ್ದ ನೆದರ್‌ಲ್ಯಾಂಡ್ಸ್‌ನ ಕಾಲುದಾರಿಯೊಂದು ಆಗ ನೆನಪಾಯಿತು. ಹೆಸರು ಪೀಟರ್‌ಪಾಡ್. ಸುಮಾರು 500 ಕಿಲೋಮೀಟರ್ ಉದ್ದದ ಅದನ್ನು ಗುರುತಿಸಿದವರು ಇಬ್ಬರು ಗೆಳತಿಯರು. 1983ರಲ್ಲಿ ಪೂರ್ಣಗೊಂಡಿತು. ಅದರ ಬಿಳಿ-ಕೆಂಪು ಗುರುತುಗಳನ್ನು ಇಂದಿಗೂ ನೋಡಿಕೊಳ್ಳುವವರು ಸ್ವಯಂಸೇವಕರೇ.

ದಾರಿಯ ಮುಳ್ಳು ತೆಗೆಯುವುದೂ ಸದಖ ಎಂದು ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದ ನಾನು ಒಮ್ಮೆಯೂ ಕುಡುಗೋಲು ಹಿಡಿದಿರಲಿಲ್ಲ. ಈಗ ಹೊಲದವರನ್ನು ಕೇಳಿಕೊಂಡು ಪ್ರತಿ ಭಾನುವಾರ ಮೂವರೂ ಹೋಗುತ್ತೇವೆ. ಜಾಲಿಯನ್ನು ಕಡಿದರೆ ಸಾಲದು, ಮತ್ತೆ ಚಿಗುರುತ್ತದೆ, ಬುಡವನ್ನೇ ಕೀಳಬೇಕು. ಅದಕ್ಕೆ ಗುದ್ದಲಿ ತಂದುಕೊಟ್ಟವರು ಆ ಹುಡುಗಿಯ ತಂದೆಯೇ.

ಅರ್ಧ ದಾರಿ ಮುಗಿದಿದೆ. ಹುಡುಗಿ ಶಾಲೆಗೆ ಬರುತ್ತಿದ್ದಾಳೆ, ಉಳಿದರ್ಧ ಸೈಕಲ್ಲನ್ನು ಎತ್ತಿಕೊಂಡು.