ನಲ್ಲಮಲೆಯ ಕಾಲುದಾರಿ: ನಂಟರ ಮನೆಯ ಅಡವಿ

ಹೋಳಿ ಹುಣ್ಣಿಮೆಯ ಬಣ್ಣ ಗೋಡೆಗಳಿಂದ ಇನ್ನೂ ಮಾಸಿರುವುದಿಲ್ಲ. ಅಷ್ಟರಲ್ಲಿಯೇ ನಮ್ಮ ಮಹಾಲಿಂಗಪುರದ ಓಣಿಗಳಲ್ಲಿ ಮಲ್ಲಯ್ಯನ ಕಂಬಿಯ ಸಡಗರ ಆರಂಭವಾಗುತ್ತದೆ. ಬೆಲ್ಲದ ಪೇಟೆಯ ಹಮಾಲರು, ಕಬ್ಬಿನ ತೋಟದ ರೈತರು, ಮಗ್ಗದ ನೇಕಾರರು, ಮನೆವಾರ್ತೆಯ ತಾಯಂದಿರು ರೊಟ್ಟಿ-ಚಟ್ನಿಯ ಬುತ್ತಿ ಕಟ್ಟಿಕೊಂಡು ಶ್ರೀಶೈಲದತ್ತ ಹೆಜ್ಜೆಯಿಡುತ್ತಾರೆ. ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಯುಗಾದಿಯ ಹೊತ್ತಿಗೆ ಮಲ್ಲಿಕಾರ್ಜುನನ ಸನ್ನಿಧಿಯಲ್ಲಿರಬೇಕೆಂಬ ಹಂಬಲ. ಮರಗಾಲು ಕಟ್ಟಿಕೊಂಡು ನಡೆಯುವವರನ್ನೂ ಈ ದಾರಿಯಲ್ಲಿ ಕಾಣಬಹುದು.

ನಮ್ಮ ತಂದೆಯವರು ಈ ದಾರಿಯನ್ನು ಹಲವು ಸಲ ನಡೆದವರು. ನಾನೋ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬಂದವನು. ಅವರು ಲಿಂಗೈಕ್ಯರಾದ ಮರುವರ್ಷ, ಅವರ ಊರುಗೋಲನ್ನು ಹಿಡಿದು, ಕಾಲೇಜು ಓದುತ್ತಿದ್ದ ಮಗನೊಡನೆ ನಾನೂ ಹೊರಟೆ.

ಹನ್ನೆರಡು ದಿನ ಬಿಸಿಲಿನ ಬಯಲಿನಲ್ಲಿ ನಡೆದ ಮೇಲೆ ಆಂಧ್ರದ ಆತ್ಮಕೂರು ಬಂದಿತು. ಅಲ್ಲಿಂದ ವಾಹನಗಳ ರಸ್ತೆ ದೋರ್ನಾಲದ ಮೇಲೆ ಸುತ್ತಿಕೊಂಡು ಹೋಗುತ್ತದೆ. ಪಾದಯಾತ್ರಿಗಳ ಹಳೆಯ ಹಾದಿಯಾದರೋ ವೆಂಕಟಾಪುರದಿಂದ ನೇರವಾಗಿ ಅಡವಿಯನ್ನು ಹೊಗುತ್ತದೆ. ನಾಗಲೂಟಿಯ ವೀರಭದ್ರ, ಪೆಚ್ಚೆರುವಿನ ಕೆರೆ, ಭೀಮುನಿ ಕೊಳನಿನ ಕಣಿವೆ, ಕೊನೆಗೆ ಕೈಲಾಸದ್ವಾರ. ಅರಣ್ಯ ಇಲಾಖೆಯವರು ಶಿವರಾತ್ರಿ, ಯುಗಾದಿಗಳ ಸಮಯದಲ್ಲಿ ಕೆಲವು ದಿನ ಮಾತ್ರ ಈ ಹಾದಿಯನ್ನು ಯಾತ್ರಿಕರಿಗೆ ಬಿಟ್ಟುಕೊಡುತ್ತಾರೆ.

ತೆಲುಗಿನಲ್ಲಿ ನಲ್ಲಮಲ ಎಂದರೆ ಕರಿಯ ಬೆಟ್ಟ. 1978ರಲ್ಲಿ ವನ್ಯಜೀವಿಧಾಮವಾಗಿ, 1983ರಲ್ಲಿ ಹುಲಿ ಯೋಜನೆಗೆ ಸೇರಿದ ನಾಗಾರ್ಜುನಸಾಗರ-ಶ್ರೀಶೈಲ ಅರಣ್ಯವಿದು. 2014ರಲ್ಲಿ ರಾಜ್ಯ ಇಬ್ಭಾಗವಾದಾಗ ಕೃಷ್ಣೆಯ ಉತ್ತರ ದಂಡೆಯ ಭಾಗ ತೆಲಂಗಾಣಕ್ಕೆ ಸೇರಿ ಅಮ್ರಾಬಾದ್ ಎನಿಸಿತು. ಹುಲಿ, ಚಿರತೆ, ಕರಡಿ, ಕಡವೆಗಳ ಬೀಡಾದ ಈ ಅಡವಿಯು ಯುಗಾದಿಯ ಮುನ್ನ ಎಲೆಯುದುರಿಸಿ ನಿಂತಿರುತ್ತದೆ. ಕಾಲಡಿಯಲ್ಲಿ ತರಗೆಲೆಯ ಹಾಸಿಗೆ. ಒಂದು ಕಿಡಿ ಸಾಕು, ಬೆಟ್ಟಕ್ಕೆ ಬೆಟ್ಟವೇ ಹೊತ್ತೀತು.

ಇಲ್ಲಿಯ ಮೂಲನಿವಾಸಿಗಳು ಚೆಂಚು ಜನ. ಬೇಟೆಗಾರನಾಗಿ ಬಂದ ಮಲ್ಲಿಕಾರ್ಜುನನು ತಮ್ಮ ಕುಲದ ಕನ್ಯೆಯನ್ನು ವರಿಸಿದನೆಂಬ ನಂಬಿಕೆಯಿಂದ ಅವರು ಅವನನ್ನು ಚೆಂಚು ಮಲ್ಲಯ್ಯ ಎನ್ನುತ್ತಾರೆ. ನಾವೋ ಭ್ರಮರಾಂಬೆಯನ್ನು ಕನ್ನಡ ನಾಡಿನ ಮನೆಮಗಳೆಂದು ಭಾವಿಸಿ, ಯುಗಾದಿಗೆ ಸೀರೆ, ಕುಂಕುಮ ಒಯ್ಯುವವರು. ಹಾಗಾದರೆ ಅವರಿಗೂ ನಮಗೂ ಒಬ್ಬನೇ ಅಳಿಯ! ಈ ನಂಟಸ್ತನ ನನಗೆ ಹೊಳೆದದ್ದು ಮಾತ್ರ ನಾಚಿಕೆಯ ಒಂದು ಗಳಿಗೆಯಲ್ಲಿ.

ಪೆಚ್ಚೆರುವಿನ ಬಳಿ ದಾಸೋಹದವರು ಕೊಟ್ಟ ನೀರನ್ನು ಕುಡಿದು, ಬರಿದಾದ ಪ್ಲಾಸ್ಟಿಕ್ ಚೀಲವನ್ನು ಒಂದು ಮರದ ಬುಡಕ್ಕೆ ಎಸೆದೆ. ಹತ್ತಿರದಲ್ಲಿಯೇ ಕುಳಿತಿದ್ದ ಚೆಂಚು ಮುದುಕನೊಬ್ಬ ಎದ್ದುಬಂದು, ಒಂದು ಮಾತನ್ನೂ ಆಡದೆ ಅದನ್ನೆತ್ತಿ ತನ್ನ ಜೋಳಿಗೆಗೆ ಹಾಕಿಕೊಂಡ. ಬಳಿಕ ಕೆರೆಯ ಕಡೆಗೆ ಕೈತೋರಿಸಿ, ರಾತ್ರಿ ನೀರಿಗೆ ಬರುವ ಜಿಂಕೆಗಳು ಇದನ್ನು ತಿನ್ನುತ್ತವೆ ಎಂದು ತೆಲುಗಿನಲ್ಲಿ ಮೆಲ್ಲನೆ ಹೇಳಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಗ ನನ್ನ ಮುಖವನ್ನೇ ನೋಡುತ್ತಿದ್ದ. ನಂಟರ ಮನೆಯ ಪಡಸಾಲೆಯಲ್ಲಿ ಉಂಡ ಎಲೆಯನ್ನು ಬಿಸಾಡಿ ಬರುವವರುಂಟೇ? ತಂದೆಯವರು ಒಂದು ತಂಬಿಗೆ, ಒಂದು ತಾಟು ಹಿಡಿದು ನಡೆದ ದಾರಿಯಲ್ಲಿ ನಾನು ಎಂಥ ಹೆಜ್ಜೆ ಮೂಡಿಸುತ್ತಿದ್ದೇನೆ ಎನಿಸಿತು.

ಅಲ್ಲಿಂದ ಮುಂದೆ ಮಗನೂ ನಾನೂ ಕಣ್ಣಿಗೆ ಬಿದ್ದ ಕಸವನ್ನು ಆಯ್ದುಕೊಳ್ಳುತ್ತ ನಡೆದೆವು. ಭೀಮುನಿ ಕೊಳನಿನ ಕಲ್ಲುಮೆಟ್ಟಿಲುಗಳನ್ನಿಳಿದು ಮತ್ತೆ ಏರುವಾಗ ಮೊಣಕಾಲು ನಡುಗಿದವು, ಊರುಗೋಲೇ ಆಸರೆಯಾಯಿತು. ಕೈಲಾಸದ್ವಾರವನ್ನು ಮುಟ್ಟಿದಾಗ ನಮ್ಮ ಬಳಿ ಎರಡು ಚೀಲ ಕಸವಿತ್ತು. ಅದನ್ನು ಹೊತ್ತದ್ದು ಕಂಬಿ ಹೊತ್ತದ್ದಕ್ಕಿಂತ ಕಡಿಮೆಯ ಸೇವೆಯೆಂದು ನನಗೆ ತೋರಲಿಲ್ಲ.

ಹೊರಡುವ ಬಂಧುಗಳಲ್ಲಿ ಕೆಲವು ಅರಿಕೆಗಳು. ಒಂದು ತಿಂಗಳ ಮುಂಚಿನಿಂದಲೇ ದಿನವೂ ನಡೆದು ರೂಢಿಮಾಡಿಕೊಳ್ಳಿರಿ. ಹೃದ್ರೋಗ, ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ಹೊರಡಿರಿ. ಬೆಳಗಿನ ತಂಪಿನಲ್ಲಿ ನಡೆದು ಮಧ್ಯಾಹ್ನ ನೆರಳಿನಲ್ಲಿ ವಿಶ್ರಮಿಸಿರಿ. ಅಡವಿಯಲ್ಲಿ ಗುಂಪನ್ನು ಬಿಟ್ಟು ಅಗಲಬೇಡಿರಿ. ಬೀಡಿಯನ್ನಾಗಲಿ ಕರ್ಪೂರವನ್ನಾಗಲಿ ಹೊತ್ತಿಸಬೇಡಿರಿ. ತಂಬಿಗೆ-ತಾಟು ನಿಮ್ಮದೇ ಇರಲಿ. ದಾಸೋಹ ನಡೆಸುವ ಪುಣ್ಯವಂತರೂ ಪ್ಲಾಸ್ಟಿಕ್ ಚೀಲ, ಲೋಟಗಳನ್ನು ತೊರೆದರೆ ಆ ಅನ್ನದ ಪುಣ್ಯ ಇಮ್ಮಡಿಯಾದೀತು.

ಶ್ರೀಶೈಲದಲ್ಲಿ ಪಾತಾಳಗಂಗೆಗೆ ಇಳಿದು ನೀರು ಮುಟ್ಟಿದಾಗ ಮತ್ತೊಂದು ಮಾತು ನೆನಪಾಯಿತು. ನಮ್ಮ ಕಬ್ಬಿಗೆ ನೀರುಣಿಸುವ ಘಟಪ್ರಭೆಯು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಇಲ್ಲಿಗೇ ಬರುತ್ತಾಳೆ. ನಾವು ಹದಿನೈದು ದಿನ ನಡೆದು ಬಂದಲ್ಲಿಗೆ ನಮ್ಮೂರಿನ ನೀರು ವರ್ಷವಿಡೀ ನಡೆದು ಬರುತ್ತಿದೆ. ನಾವು ಅಲ್ಲಿ ಚೆಲ್ಲಿದ ಹೊಲಸೂ ಅದರೊಡನೆ ಬರುತ್ತದೆಯಲ್ಲವೇ?

ಮುಂದಿನ ವರ್ಷ ಮಗ ತನ್ನ ಗೆಳೆಯರೊಡನೆ ಹೊರಟ. ಅಜ್ಜನ ಊರುಗೋಲಿನ ಜೊತೆಗೆ ಎರಡು ಬರಿಯ ಗೋಣಿಚೀಲಗಳನ್ನೂ ಕೇಳಿ ತೆಗೆದುಕೊಂಡ. ಅವನ ಮಕ್ಕಳಿಗೂ ಆ ಹಾದಿ ತೆರೆದಿರಲಿ.