ಅರ್ಧಬಲದ ನಿಯಮ

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದ ಎಂಬ ಗಾದೆಯನ್ನು ಕಟ್ಟಿದವರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿರಬೇಕು. ಜನವರಿಯ ಮೊದಲ ವಾರ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕಾಣುವ ಹೊಸ ಬೂಟುಗಳಲ್ಲಿ ಬಹುಪಾಲು ಶಿವರಾತ್ರಿಯ ಹೊತ್ತಿಗೆ ಕಣ್ಮರೆಯಾಗಿರುತ್ತವೆ. ಜೂನ್ 21ರ ಯೋಗದಿನದಂದು ಕೊಂಡ ಚಾಪೆಗಳು ದಸರೆಯ ವೇಳೆಗೆ ಬೀರುವಿನ ಹಿಂದೆ ಸೇರುತ್ತವೆ.

ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇತ್ತೀಚೆಗೆ ದೂರವಾಣಿಯಲ್ಲಿ ಕೇಳಿದಳು: "ಮೇಡಂ, ಹದಿನೈದು ದಿನ ತಪ್ಪದೆ ನಡೆಯುತ್ತೇನೆ. ಹದಿನಾರನೆಯ ದಿನ ಬಿಟ್ಟುಹೋಗುತ್ತದೆ. ಆಮೇಲೆ ಮನಸ್ಸೇ ಬರುವುದಿಲ್ಲ. ಉತ್ಸಾಹ ಉಳಿಸಿಕೊಳ್ಳುವುದು ಹೇಗೆ?" ಇದು ಅವಳೊಬ್ಬಳ ಪ್ರಶ್ನೆಯಲ್ಲವಾದ್ದರಿಂದ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಉತ್ಸಾಹವೆಂಬುದು ಅತಿಥಿಯಂತೆ. ಬಂದಾಗ ಸತ್ಕರಿಸಬೇಕು, ಆದರೆ ಅವನನ್ನೇ ನಂಬಿ ಸಂಸಾರ ನಡೆಸಲಾಗದು. ಸಂಸಾರ ನಡೆಯುವುದು ಅಭ್ಯಾಸದಿಂದ. ಲಂಡನ್ನಿನ ಸಂಶೋಧಕರು 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೊಸ ರೂಢಿಯೊಂದು ತಾನಾಗಿ ನಡೆಯುವಂತಾಗಲು ಸುಮಾರು 66 ದಿನಗಳು ಬೇಕಾದುವೆಂದು ಕಂಡುಬಂದಿತು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರ ಲೆಕ್ಕ 254 ದಿನಗಳವರೆಗೂ ಹೋಯಿತು. ಅದರಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟ ಅಂಶ ಇನ್ನೊಂದು: ನಡುವೆ ಒಂದು ದಿನ ತಪ್ಪಿದರೆ ಕೂಡಿಟ್ಟದ್ದೇನೂ ಕರಗಿಹೋಗುವುದಿಲ್ಲ. ಹದಿನಾರನೆಯ ದಿನ ತಪ್ಪಿತೆಂದು ಕೊರಗುವುದಕ್ಕಿಂತ ಹದಿನೇಳನೆಯ ದಿನ ಎದ್ದು ಹೊರಡುವುದು ಮೇಲು.

ಎರಡನೆಯ ತೊಡಕು ಅತಿಯಾದ ಗುರಿ. ದಿನಕ್ಕೆ 10,000 ಹೆಜ್ಜೆಗಳೆಂಬ ಮಾತು ಇಂದು ವೇದವಾಕ್ಯದಂತಾಗಿದೆ. ಅದು ಪ್ರಚಾರಕ್ಕೆ ಬಂದದ್ದು ಟೋಕಿಯೋ ಒಲಿಂಪಿಕ್ಸ್‌ನ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ. 2019ರಲ್ಲಿ ಅಮೆರಿಕದ ವಯಸ್ಸಾದ ಮಹಿಳೆಯರ ಕುರಿತು ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ಹಾಕಿದವರಲ್ಲೇ ಮರಣದ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. ಸುಮಾರು 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ, ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ.

ಸಾಧಾರಣ ಶ್ರಮವೆಂದರೆ ಎಷ್ಟು? ನಡೆಯುತ್ತಾ ಮಾತನಾಡಲು ಬರಬೇಕು, ಹಾಡಲು ಬರಬಾರದು; ಇದು ಇಂದಿನ ಸುಲಭ ಅಳತೆ. ನಮ್ಮ ವಾಗ್ಭಟನು ಅಷ್ಟಾಂಗಹೃದಯದಲ್ಲಿ, ಬಲಶಾಲಿಯೂ ಚಳಿಗಾಲದಲ್ಲಿ ಮತ್ತು ವಸಂತದಲ್ಲಿ ತನ್ನ ಅರ್ಧಶಕ್ತಿಯಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಉಳಿದ ಋತುಗಳಲ್ಲಿ ಇನ್ನೂ ಕಡಿಮೆ ಎನ್ನುತ್ತಾನೆ. ಉಸಿರು ಬಾಯಿಗೆ ಬರುವುದೇ ಅರ್ಧಬಲದ ಗುರುತು ಎಂಬುದು ಸುಶ್ರುತನ ಮಾತು. ಜೀವಶಾಸ್ತ್ರ ಕಲಿಸಿದ ನನಗೆ ಈ ಎರಡು ಅಳತೆಗಳೂ ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ.

ಇದೆಲ್ಲವೂ ನಮ್ಮ ಮನೆಯಲ್ಲಿ ಪುಸ್ತಕದ ಮಾತಾಗಿ ಉಳಿಯಲಿಲ್ಲ. 2019ರ ಮಳೆಗಾಲದಲ್ಲಿ ಹಿತ್ತಿಲಿನ ಪಾಚಿಯ ಮೇಲೆ ಜಾರಿ ಬಿದ್ದು ನಮ್ಮ ಯಜಮಾನರ ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರಗಳಲ್ಲಿ ಮೂಳೆ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಮತ್ತೆ ಬೀಳುವೆನೆಂಬ ಅಂಜಿಕೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟರು. ನಡೆಯದ ಕಾಲು ಸೊರಗಿತು. ಸೊರಗಿದ ಕಾಲು ಅಂಜಿಕೆಯನ್ನು ಹೆಚ್ಚಿಸಿತು. ನಲವತ್ತು ವರ್ಷ ಕಂಡ ಮನುಷ್ಯ ಬಚ್ಚಲಿಗೆ ಹೋಗಲು ಗೋಡೆ ತಡವುವುದನ್ನು ನೋಡುತ್ತಾ ನಾನು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ.

ಫಿಸಿಯೋಥೆರಪಿಯ ಹುಡುಗಿ ಹೇಳಿಕೊಟ್ಟದ್ದು ಮೂರೇ ಅಭ್ಯಾಸ: ಕೈಯೂರದೆ ಕುರ್ಚಿಯಿಂದ ಏಳುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂಟಿಕಾಲಲ್ಲಿ ನಿಲ್ಲುವುದು. ಅರುವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನವನ್ನು ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಬೀಳುವುದನ್ನು ತಪ್ಪಿಸಲೆಂದೇ. ಇದಕ್ಕೆ ಬೇರೆ ಹೊತ್ತು ಗೊತ್ತುಮಾಡಿದ್ದರೆ ತಪ್ಪಿಹೋಗುತ್ತಿತ್ತು. ಬೆಳಗ್ಗೆ ಫಿಲ್ಟರಿಗೆ ಬಿಸಿನೀರು ಹುಯ್ದು ಡಿಕಾಕ್ಷನ್ ಇಳಿಯುವವರೆಗಿನ ಹೊತ್ತನ್ನೇ ಅದಕ್ಕೆಂದು ಇಟ್ಟುಕೊಂಡೆವು. ಮೊದಲ ದಿನ ಅವರು ಎದ್ದದ್ದು ಎರಡು ಬಾರಿ. ಮೂರು ತಿಂಗಳಿಗೆ ಹತ್ತು ಬಾರಿಯಾಯಿತು. ಕಾಫಿ ಎಂದೂ ತಪ್ಪುವುದಿಲ್ಲವಾದ್ದರಿಂದ ಅಭ್ಯಾಸವೂ ತಪ್ಪಲಿಲ್ಲ. ಜ್ವರ ಬಂದಾಗ, ನೆಂಟರು ಬಂದಾಗ ಬಿಟ್ಟದ್ದುಂಟು. ಮಾರನೆಯ ದಿನ ಮತ್ತೆ ಕುರ್ಚಿ ಎಳೆದದ್ದೂ ಉಂಟು.

ದಿನವಿಡೀ ಮನೆಗೆಲಸ ಮಾಡುವ ತಮಗೆ ಬೇರೆ ವ್ಯಾಯಾಮವೇಕೆ ಎಂದು ನಮ್ಮ ಬಂಧುವರ್ಗದ ಹೆಣ್ಣುಮಕ್ಕಳು ಕೇಳುತ್ತಾರೆ. ಗುಡಿಸುವುದು, ಒರೆಸುವುದು ಖಂಡಿತ ಲೆಕ್ಕಕ್ಕೆ ಬರುತ್ತವೆ. ಆದರೆ ಒಲೆಯ ಮುಂದೆ ಎರಡು ಗಂಟೆ ನಿಲ್ಲುವುದು ದಣಿವೇ ಹೊರತು ವ್ಯಾಯಾಮವಲ್ಲ. ನಿಮಗಾಗಿ ಅರ್ಧ ಗಂಟೆ ಕೇಳಿ ಪಡೆಯಿರಿ, ಅದು ಸ್ವಾರ್ಥವಲ್ಲ.

ಹೃದಯದ ತೊಂದರೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಿ. ನಡೆಯುವಾಗ ಎದೆ ಹಿಡಿದಂತಾದರೆ ಅಲ್ಲಿಗೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಕಳೆದ ಧನುರ್ಮಾಸದಲ್ಲಿ ನಾವಿಬ್ಬರೂ ಚಾಮುಂಡಿ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗಿ, ದರ್ಶನ ಮುಗಿಸಿ, ನಂದಿಯವರೆಗೆ ಮೆಟ್ಟಿಲಿಳಿದು ಮರಳಿ ಹತ್ತಿದೆವು. ಸಾವಿರ ಮೆಟ್ಟಿಲುಗಳಲ್ಲಿ ಅದು ಸುಮಾರು ಮುನ್ನೂರು. ನಡುವೆ ನಾಲ್ಕು ಕಡೆ ಕುಳಿತೆವು. ಕೆಳಗಿನಿಂದಲೇ ಹತ್ತೋಣವೇ ಎಂದು ಯಜಮಾನರು ಮುಂದಿನ ವರ್ಷದ ಮಾತೆತ್ತಿದರು. ಅರ್ಧಬಲದ ನಿಯಮವನ್ನು ನೆನಪಿಸಿದೆ. ನಕ್ಕು, ಕೋಲನ್ನು ನನ್ನ ಕೈಗೆ ಕೊಟ್ಟು, ಮುಂದಿನ ಮೆಟ್ಟಿಲನ್ನು ತಾವೇ ಹತ್ತಿದರು.