ಚಿಲಕ

ಈಗಿನ ಕಂಪನಿಗೆ ಸೇರುವಾಗ ಅವರು ನನ್ನ ಬಿಇ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಹಳೇ ಮ್ಯಾನೇಜರ್‌ವರೆಗೂ ಜಾಲಾಡಿದ್ದರು. ನಾನು ಮುಟ್ಟೋದು ಅವರ ಕೋಡನ್ನ ಮಾತ್ರ. ಕಳಸದ ಹತ್ತಿರ ನಮ್ಮ ತೋಟದ ಮನೆಯಲ್ಲಿ ಸೊಂಟದ ಮೂಳೆ ಮುರಿದು ಮಲಗಿದ್ದ ಅಮ್ಮನನ್ನ ಎತ್ತಿ, ತೊಳೆದು, ಮಾತ್ರೆ ಕೊಡೋರನ್ನ ಹುಡುಕುವಾಗ ನೆಂಟರು ಕೇಳಿದ ಪ್ರಶ್ನೆ ಒಂದೇ: "ಯಾರ ಪೈಕಿ ಅಂತೆ?"

ಜಾತಿ ಗೊತ್ತಾದರೆ ಗುಣ ಗೊತ್ತಾಯ್ತು ಅನ್ನೋ ಲೆಕ್ಕ. ಅಮ್ಮನ ಮೇಲೆ ಕೈ ಮಾಡ್ತಾರಾ ಅನ್ನೋದಕ್ಕೆ ಅದರಲ್ಲಿ ಉತ್ತರ ಎಲ್ಲಿದೆ?

ಏಜೆನ್ಸಿ ಇಲ್ಲದೆ ನಾವೇ ಗೊತ್ತು ಮಾಡಿಕೊಂಡರೆ ಪರಿಶೀಲನೆಯೂ ನಮ್ಮದೇ. ಆಧಾರ್ ಜೆರಾಕ್ಸ್ ಬೀರುವಿನಲ್ಲಿಟ್ಟರೆ ಏನೂ ಆಗಲ್ಲ. ಕಾರ್ಡಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಅವರ ಒಪ್ಪಿಗೆ ತಗೊಂಡು ಸೇವಾ ಸಿಂಧುವಿನಲ್ಲಿ ಪೊಲೀಸ್ ವೆರಿಫಿಕೇಶನ್‌ಗೆ ಅರ್ಜಿ ಹಾಕಬಹುದು. ಇ-ಕೋರ್ಟ್ಸ್‌ನಲ್ಲಿ ಹೆಸರು ಹಾಕಿ ಕೇಸು ಹುಡುಕಬಹುದು. ಆದ್ರೆ ಶಾರದಾ ಅಂತ ಟೈಪ್ ಮಾಡಿ ನೋಡಿ, ಯಾರದ್ದೋ ಜಮೀನು ವ್ಯಾಜ್ಯ ಇನ್ಯಾರದ್ದೋ ತಲೆಗೆ ಕಟ್ಟೋದು ಎಷ್ಟು ಸುಲಭ ಅಂತ ಗೊತ್ತಾಗುತ್ತೆ. 'ನರ್ಸ್' ಅಂದುಕೊಂಡು ಬಂದವರ ಹತ್ತಿರ ನರ್ಸಿಂಗ್ ಕೌನ್ಸಿಲ್ ನೋಂದಣಿ ಕೇಳಬೇಕು. ಎಲ್ಲಾ ಕ್ಲೀನ್ ಬಂದರೂ ಅರ್ಥ ಇಷ್ಟೇ: ಠಾಣೆಯ ಪುಸ್ತಕದಲ್ಲಿ ಹೆಸರಿಲ್ಲ. ಹೊಡೆದದ್ದನ್ನ ಮುಚ್ಚಿಟ್ಟ ಮನೆಯವರು ಠಾಣೆಗೆ ಹೋಗಿರಲ್ಲ.

ಹಾಗಾಗಿ ನಾನು ಹೆಚ್ಚು ನಂಬಿದ್ದು ಹಳೇ ಮನೆಗೆ ಮಾಡೋ ಫೋನನ್ನ. ಬಾಳೆಹೊನ್ನೂರು ಕಡೆಯವರೊಬ್ಬರು ಮೂಡಿಗೆರೆಯ ಒಂದು ಮನೆಯಲ್ಲಿ ಎರಡು ವರ್ಷ ಅಜ್ಜನನ್ನ ನೋಡಿಕೊಂಡಿದ್ದರಂತೆ. "ಒಳ್ಳೆಯವರಾ?" ಅಂದ್ರೆ ಎಲ್ಲರೂ ಹೌದು ಅಂತಾರೆ. ನಾನು ಕೇಳಿದ್ದು, "ಬೆನ್ನಿಗೆ ಹುಣ್ಣಾಗಿತ್ತಾ? ರಾತ್ರಿ ಯಾರು ಏಳ್ತಿದ್ರು?" ಆ ಮನೆಯ ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹುಣ್ಣಾಗಲಿಲ್ಲ. ಎರಡು ಗಂಟೆಗೊಮ್ಮೆ ಅವರೇ ಎದ್ದು ಮಗ್ಗುಲು ತಿರುಗಿಸ್ತಿದ್ರು. ನಾವು ಮಲಗಿರ್ತಿದ್ವಿ."

ಆಮೇಲೆ ಅವರು ಮನೆ ನೋಡೋಕೆ ಬಂದರು. ಕಾಫಿ ಕುಡಿದು ಲೋಟ ಕೆಳಗಿಟ್ಟು ಕೇಳಿದರು, "ಮನೆಗೆ ಗಂಡಸರು ಯಾರ್ಯಾರು ಬಂದು ಹೋಗ್ತಾರೆ? ನಾನು ಮಲಗೋ ರೂಮಿಗೆ ಒಳಗಿಂದ ಚಿಲಕ ಉಂಟಾ? ಮಳೆಗೆ ನೆಟ್‌ವರ್ಕ್ ಹೋದ್ರೆ ನಾನು ಮನೆಗೆ ಫೋನ್ ಮಾಡೋದು ಹೆಂಗೆ?"

ಅವರ ಆಧಾರ್, ವಿಳಾಸ, ಹಳೇ ಮನೆಯ ನಂಬರ್ ಎಲ್ಲಾ ನನ್ನ ಫೋನಲ್ಲಿತ್ತು. ನಮ್ಮ ಬಗ್ಗೆ ಅವರ ಹತ್ತಿರ ಇದ್ದದ್ದು ತೋಟದ ಹೆಸರು ಮಾತ್ರ. ನಮ್ಮನ್ನ ವೆರಿಫೈ ಮಾಡೋ ಪೋರ್ಟಲ್ ಯಾವುದೂ ಇಲ್ಲವಲ್ಲ.

ಚಿಲಕ ಇರಲಿಲ್ಲ. ಪೇಟೆಯಿಂದ ತಂದು ನಾನೇ ಹಾಕಿದೆ. ಮೊದಲು ನಮ್ಮನೆಯಲ್ಲಿ ಕೆಲಸಕ್ಕಿದ್ದು ಬಿಟ್ಟುಹೋದವರನ್ನ ಒಂದು ಮಾತು ಕೇಳಿ, ಅವರ ನಂಬರನ್ನೂ ಕೊಟ್ಟೆ. ಅವತ್ತು ರಾತ್ರಿಯೇ ಫೋನ್ ಮಾಡಿ ವಿಚಾರಿಸಿದರಂತೆ. ಸೋಮವಾರದಿಂದ ಬರ್ತೀನಿ ಅಂದರು.